ಮೂರು ಮನೆಗೆ ಒಂದೇ ಬಾಕ್ಸು

೨೦೦೯ ಡಿಸೆಂಬರ್ ೬, ಭಾನುವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಗೋಡೆಗೆ ಬಣ್ಣ ಬಳಿಯಲು ಬಂದವರು ಮೆಟ್ಟಿಲ ಪಕ್ಕದಿಂದ ಒಂದು ಕಪ್ಪು ತಂತಿಯನ್ನು ಕಿತ್ತು, "ಸಾರ್, ಇದು ಬೇಕಾ?" ಎಂದು ಕೇಳಿದರು. ಬೇಡ ಎನ್ನಲು ಬಾಯಿ ತೆರೆದವನು ಅದನ್ನು ಇಸಿದುಕೊಂಡು ಬಂದು, ಮೇಜಿನ ಮೇಲಿಟ್ಟು ಬರೆಯಲು ಕೂತಿದ್ದೇನೆ. ಬ್ಲಾಗಿನಲ್ಲಿ ದಿನಚರಿ ಬರೆಯುವವರ ರೋಗವಿದು. ಕಸವೂ ದಾಖಲೆಯಾಗಿ ಕಾಣುತ್ತದೆ.

ಬಸವೇಶ್ವರನಗರದ ನಮ್ಮ ಕಟ್ಟಡದಲ್ಲಿ ಮೂರು ಮನೆ. ಮೇಲೆ ನಾವು. ಕೆಳಗೆ ಮುಂಭಾಗದಲ್ಲಿ ಗದಗದಿಂದ ಬಂದ ಶಾಂತಕ್ಕ ಮತ್ತು ಅವರ ಮಗಳು ಅಕ್ಷತಾ. ಹಿಂಭಾಗದಲ್ಲಿ ಪ್ರಸಾದ್ ಎಂಬ ಬ್ಯಾಚುಲರ್, ಅವನ ಜತೆ ಯಾವಾಗಲೂ ಯಾರಾದರೂ ಗೆಳೆಯರು. ಬಾಡಿಗೆಯಲ್ಲೇ ಕೇಬಲ್ಲೂ ಸೇರಿದೆ ಎಂಬುದು ಅಪ್ಪನ ಹೆಮ್ಮೆ. ಒಂದೇ ತಂತಿ ಮೇಲಿಂದ ಇಳಿದು ಮೂರು ಟೀವಿಗೆ ಹಂಚಿಹೋಗುತ್ತಿತ್ತು. ಚಿತ್ರದ ಮೇಲೆ ಸಾಸಿವೆ ಎರಚಿದಂತೆ ಚುಕ್ಕಿಗಳು. ಆದರೂ ಅವರವರ ಚಾನಲ್ ಅವರವರಿಗೆ.

೨೦೦೭ರಲ್ಲಿ ಅಪ್ಪನಿಗೆ ಡಿಜಿಟಲ್ ಆಗುವ ಆಸೆ ಹುಟ್ಟಿತು. ತಾರಸಿಯ ಮೇಲೆ ಡಿಶ್ ಬಂತು, ಟೀವಿ ಪಕ್ಕದಲ್ಲಿ ಬಾಕ್ಸು ಕೂತಿತು. ಹಾಕಲು ಬಂದವರು ಮೊದಲೇ ಹೇಳಿದರು: "ಸಾರ್, ತಂತಿ ಎಷ್ಟು ಮನೆಗಾದ್ರೂ ಎಳೀಬೋದು. ಆದ್ರೆ ಮೇಲೆ ನೀವು ಯಾವ ಚಾನಲ್ ಹಾಕ್ತೀರೋ ಕೆಳಗೂ ಅದೇ ಬರೋದು. ಇನ್ನೆರಡು ಬಾಕ್ಸ್ ತಗೊಳ್ಳಿ."

ಅಪ್ಪ ನಕ್ಕರು. "ಸಂಪ್ ಒಂದೇ ಇರೋದು. ಮೂರು ಮನೆಗೂ ನೀರು ಬರಲ್ವೇನಪ್ಪ? ಬಾಕ್ಸ್ ಮಾರೋಕೆ ಏನೇನ್ ಕಥೆ ಕಟ್ತೀರ."

ಕಥೆಯಲ್ಲ ಎಂದು ಅಂದು ಸಂಜೆಯೇ ತಿಳಿಯಿತು. ಕೆಳಗೆ ಶಾಂತಕ್ಕ ಧಾರಾವಾಹಿ ನೋಡುತ್ತಿದ್ದಾಗ ಮೇಲೆ ಅಪ್ಪ ವಾರ್ತೆ ಹಾಕಿದರು. ಮೆಟ್ಟಿಲ ಬುಡದಿಂದ ದನಿ ಬಂತು: "ಅಣ್ಣಾರ, ಆಕಿ ವಿಷ ಕುಡದ್ಲೋ ಇಲ್ಲೋ, ಅಷ್ಟು ನೋಡ್ಕೋತೀವ್ರಿ." ವಿಷದ ಸಂಗತಿ ತೀರ್ಮಾನವಾಗುವ ಮೊದಲೇ ಪ್ರಸಾದ್: "ಅಂಕಲ್, ಸ್ಕೋರ್ ಒಂದ್ ಹಾಕಿ, ಪ್ಲೀಸ್."

"ಓನರ್ ಆಗಿದ್ದೋರು ಆಪರೇಟರ್ ಆದ್ರಲ್ರೀ," ಎಂದರು ಅಮ್ಮ.

ಆಗ ನಾನು ನಡುವೆ ಪ್ರವೇಶಿಸಿದೆ. ಮೂರು ಬಣ್ಣದ ಪೆನ್ನಿನಲ್ಲಿ ವೇಳಾಪಟ್ಟಿ ಬರೆದು ಮೆಟ್ಟಿಲ ಗೋಡೆಗೆ ಅಂಟಿಸಿದೆ. ಯಾರು ಎಷ್ಟು ಸಲ ಮೀರಿದರು ಎಂಬ ಲೆಕ್ಕವನ್ನೂ ಇಟ್ಟೆ. ಅಪ್ಪನೇ ಮೊದಲಿಗರು. ಎರಡನೆಯವನು ನಾನು ಎಂಬುದನ್ನು ಮಾತ್ರ ಗೋಡೆಗೆ ತಿಳಿಸಲಿಲ್ಲ.

ಒಂದು ಶನಿವಾರ ಶಾಂತಕ್ಕ ಖಡಕ್ ರೊಟ್ಟಿಯ ತಟ್ಟೆ ಹಿಡಿದು ಮೇಲೆ ಬಂದರು. ಅಕ್ಷತಾ ಮಕ್ಕಳ ಹಾಡಿನ ಕಾರ್ಯಕ್ರಮವೊಂದಕ್ಕೆ ಆಯ್ಕೆಯಾಗಿ, ಚಿತ್ರೀಕರಣವೂ ಮುಗಿದಿತ್ತು. "ನಾಳೆ ಸಂಜೀ ಆರಕ್ಕ ತೋರಸ್ತಾರಂತ್ರಿ ಅಣ್ಣಾರ. ಶೂಟಿಂಗಿನಾಗ ನನ್ನ ಒಳಗ ಬಿಡ್ಲಿಲ್ಲ. ಮತ್ತೊಮ್ಮೆ ತೋರಸೂದಿಲ್ಲಂತ. ಹತ್ತು ನಿಮಿಷ ಸಾಕ್ರಿ."

ಅಪ್ಪ ರೊಟ್ಟಿ ಮುರಿದರು. "ನಾಳೆ ಮ್ಯಾಚ್ ಇದೆಯಲ್ಲಮ್ಮ. ನೋಡೋಣ."

ಓನರ್ ಬಾಯಿಂದ ಬರುವ 'ನೋಡೋಣ'ದ ಬೆಲೆ ಬಾಡಿಗೆಯವರಿಗೆ ಗೊತ್ತಿರುತ್ತದೆ. ಶಾಂತಕ್ಕ ಇಳಿದುಹೋದರು.

ಮರುದಿನ ಸಂಜೆ ಕೆಳಗಿಳಿದು ನೋಡಿದೆ. ಪ್ರಸಾದನ ಕೋಣೆ ತುಂಬಿ ಬಾಗಿಲಾಚೆಗೂ ಚಪ್ಪಲಿ. ಶಾಂತಕ್ಕ ಹೊಸ ಸೀರೆಯುಟ್ಟು ಟೀವಿಯೆದುರು ಕೂತು, ತಮಗೆ ತಲೆಬುಡ ತಿಳಿಯದ ಮ್ಯಾಚನ್ನೇ ದಿಟ್ಟಿಸುತ್ತಿದ್ದರು. ಮೇಲೆ ಬಂದರೆ ಅಪ್ಪ, "ಎಷ್ಟಾಯ್ತೋ?" ಎಂದರು.

"ಐದು ಐವತ್ತೆಂಟು."

"ನಿನ್ ವಾಚ್ ಮುಂದಿದೆ." ಸ್ವಲ್ಪ ತಡೆದು ಮತ್ತೆ, "ಈಗೆಷ್ಟು?"

ಇನ್ನೆರಡೇ ಓವರು. ಅಪ್ಪ ರಾಷ್ಟ್ರಗೀತೆಗೆ ಎದ್ದವರಂತೆ ನೆಟ್ಟಗೆ ನಿಂತು ಚಾನಲ್ ಬದಲಿಸಿದರು.

"ಅಂಕಲ್, ಏನಂಕಲ್ ಇದು, ಅನ್ಯಾಯ ಅಲ್ವಾ?" ಪ್ರಸಾದನ ಹೆಜ್ಜೆ ಮೆಟ್ಟಿಲ ಅರ್ಧಕ್ಕೆ ಬಂದಿತ್ತು. ಕೆಳಗಿಂದ ಗೆಳೆಯನೊಬ್ಬ ಕೂಗಿದ: "ಮಗಾ, ವಾಪಸ್ ಬಾರೋ. ಟೀವೀಲಿರೋದು ಮುಂದಿನ್ಮನೆ ಹುಡುಗಿ ಕಣೋ."

ಪ್ರಸಾದ್ ಅಲ್ಲಿಂದಲೇ ಕೆಳಗೆ ಓಡಿದ. ಒಂದೇ ದನಿ ಮೂರು ಮನೆಯಿಂದಲೂ ಹೊರಬಂದು ಮೆಟ್ಟಿಲ ಮೇಲೆ ಕೂಡಿಕೊಂಡಿತು. ಎರಡು ಜಡೆ, ನೀಲಿ ಲಂಗ, ಒಂದು ವಚನ. ಹಾಡು ಮುಗಿದಾಗ ಅಪ್ಪ ರಿಮೋಟ್ ಎತ್ತಿದರೆ ಪ್ರಸಾದನೇ, "ಇರಿ ಅಂಕಲ್, ಅವ್ರೇನಂತಾರೆ ಕೇಳೋಣ," ಎಂದು ಕೂಗಿದ. ತೀರ್ಪುಗಾರರು ಎಲ್ಲ ಮಕ್ಕಳಿಗೂ ಹೇಳುವಂತೆ ಶಭಾಷ್ ಎಂದರು. ಮ್ಯಾಚು ಗೆದ್ದದ್ದು ನಮಗೆ ಪಕ್ಕದ ರಸ್ತೆಯ ಪಟಾಕಿಯಿಂದ ತಿಳಿಯಿತು. ಮುಂದಿನ ತಿಂಗಳು ಅಪ್ಪ ಯಾರೂ ಕೇಳದೆಯೇ ಇನ್ನೆರಡು ಬಾಕ್ಸ್ ತರಿಸಿದರು. ಹಳೆಯ ತಂತಿ ಮಾತ್ರ ಇವತ್ತಿನವರೆಗೂ ಮೆಟ್ಟಿಲ ಗೋಡೆಯಲ್ಲೇ ಉಳಿದಿತ್ತು.

ಅಂದು ಹಾಡನ್ನು ನೋಡದೇ ಹೋದವಳು ಅಕ್ಷತಾ ಒಬ್ಬಳೇ. ನಾಚಿಕೆಯಿಂದ ಕಾಂಪೌಂಡಿನ ಮೂಲೆಯಲ್ಲಿ ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದಳು.

ಇದನ್ನು ಬರೆಯುತ್ತಿರುವಾಗ, ಈಗಷ್ಟೇ ಅಕ್ಷತಾ ಮೇಲೆ ಬಂದಿದ್ದಳು. ಶಾಲೆಯ ವಾರ್ಷಿಕೋತ್ಸವಕ್ಕೆ ಹಾಡಲು ಹೆಸರು ಕೊಡಲೋ ಬೇಡವೋ ಎಂಬ ಚಿಂತೆ. "ಅಣ್ಣಾ, ಟೀವಿಯೊಳಗ ನಾ ಹ್ಯಾಂಗ ಹಾಡಿದ್ದೆ, ಖರೇ ಹೇಳ್ರಿ."

"ತುಂಬಾ ಚೆನ್ನಾಗಿತ್ತು."

"ನೀವೆಲ್ಲಾ ಮನಿ ಮಂದಿ. ಹಂಗ ಅಂತೀರಿ."

ನಮ್ಮ ಮಾತು ಲೆಕ್ಕಕ್ಕಿಲ್ಲ. ಹಾಗಾಗಿ ಓದುಗರೇ, ೨೦೦೭ರ ಆ ಭಾನುವಾರ ಮ್ಯಾಚು ಬಿಟ್ಟು ನೀಲಿ ಲಂಗದ ಹುಡುಗಿಯ ವಚನ ಕೇಳಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಹೇಗಿತ್ತೆಂದು ಎರಡು ಸಾಲು ಬರೆಯಿರಿ. ಚೆನ್ನಾಗಿರಲಿಲ್ಲ ಎನಿಸಿದ್ದರೆ ಅದನ್ನೇ ಬರೆಯಿರಿ, ಅವಳು ತಡೆದುಕೊಳ್ಳುತ್ತಾಳೆ. ನಾವು ಮೂರು ಮನೆಯವರು ಮಾತ್ರ ನಿಮ್ಮನ್ನು ನಂಬುವುದಿಲ್ಲ.