ಲಿಫ್ಟಕ್ಕನ ಪೆಟ್ಟಿಗೆ, ನನ್ನ ತಲೆಯ ಮೇಲಿನ ಟವೆಲ್ಲು

ಲಿಫ್ಟಕ್ಕನಿಗೆ ನಮ್ಮ ಸಂಘ ಒಂದು ದಿನದ ಕೂಲಿ ಇನ್ನೂ ಕೊಡಬೇಕು. ಮೆರವಣಿಗೆಯಲ್ಲಿ ನಡೆಯುವವರಿಗೆ ನಾವು ಕೂಲಿ ಕೊಡುವುದಿಲ್ಲ. ಬಾರಿಸುವವರಿಗೆ ಕೊಡುತ್ತೇವೆ, ಅವರು ಕೆಲಸಕ್ಕೆ ರಜೆ ಹಾಕಿ, ಸಾಮಾನು ಹೊತ್ತುಕೊಂಡು ಬರುತ್ತಾರೆ. ಆ ದಿನ ಆಕೆ ರಜೆ ಹಾಕಿದ್ದಳು, ಸಾಮಾನು ಹೊತ್ತೂ ಬಂದಿದ್ದಳು. ಬಾರಿಸಲು ನಾನು ಬಿಡಲಿಲ್ಲ. ಬಾರಿಸಲಿಲ್ಲವಲ್ಲ, ಕೂಲಿ ಯಾತಕ್ಕೆ ಎಂದು ವೋಚರ್ ಹರಿದವನೂ ನಾನೇ.

ಆಕೆ ಲಿಫ್ಟ್ ಮೆಕ್ಯಾನಿಕ್. ಹದಿನೇಳು ವರ್ಷ ಕತ್ತಲ ಬಾವಿಯಂಥ ಗೂಡುಗಳಲ್ಲಿ ಇಳಿದು, ಗ್ರೀಸ್ ಮೆತ್ತಿಕೊಂಡು, ಊರವರನ್ನು ಮೇಲಕ್ಕೂ ಕೆಳಕ್ಕೂ ಕಳಿಸಿದವಳು. ಹಳೇ ಕಟ್ಟಡವೊಂದರ ಲಿಫ್ಟ್ ಕಿತ್ತಾಗ ಗುಂಡಿಗಳಿರುವ ತಗಡನ್ನು ಗುಜರಿಗೆ ಹಾಕಲು ಮನಸ್ಸಾಗದೆ ಮನೆಗೆ ತಂದಳು. ಅಡುಗೆಕಟ್ಟೆಯ ಮೇಲೆ ಬೆಸುಗೆ ಹಾಕುತ್ತ, ಸುಡುತ್ತ, ಬಯ್ಯುತ್ತ ಎರಡು ವರ್ಷದಲ್ಲಿ ಅದನ್ನೊಂದು ವಾದ್ಯ ಮಾಡಿದಳು. ‘ಗ್ರೌಂಡ್’ ಒತ್ತಿದರೆ ಹೊಟ್ಟೆಗೆ ಗುದ್ದಿದಂಥ ಸದ್ದು. ನಾಲ್ಕು ಒತ್ತಿದರೆ ಚಪ್ಪಾಳೆ. ಏಳು ಒತ್ತಿದರೆ ಬಟ್ಟೆ ಪರ್ರನೆ ಹರಿದ ಹಾಗೆ. ಎಂಟು ಯಾತಕ್ಕೆ ಎಂದು ಕೇಳಿದರೆ, “ಅದು ಕೆಟ್ಟಿದೆ ಅಣ್ಣಾ, ಅಲ್ಲಿಗೆ ಮೆಟ್ಲು ಹತ್ಕೊಂಡೇ ಹೋಗ್ಬೇಕು” ಅನ್ನುತ್ತಿದ್ದಳು. ಬಲಗಡೆ ಒಂದು ದಪ್ಪ ತಿರುಗಣಿ. ಅದು ವೇಗಕ್ಕೆ.

ಅವಳ ಅತ್ತೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಒದ್ದೆ ಸಿಮೆಂಟಿನ ಮೇಲೆ ನಿಂತು ಮಂಡಿ ಕಳೆದುಕೊಂಡವರು. ನಾನು ಮನೆಗೆ ಹೋದಾಗಲೆಲ್ಲ ಸೊಸೆಯ ಮೇಲೆ ದೂರು.

“ನೋಡಿ ಲೀಡ್ರೇ, ಒಲೆ ಮೇಲೆ ಹಾಲು ಉಕ್ಕಿ ಬೆಂಕಿ ಆರಿದ್ರೂ ಇವಳಿಗೆ ಕಾಣಲ್ಲ. ಆ ಡಬ್ಬೀಲಿ ದೀಪ ಮಿಣಕ್ ಅಂದ್ರೆ ಸಾಕು, ಹೆತ್ತ ಮಗು ಅತ್ತ ಹಾಗೆ ಓಡ್ತಾಳೆ.”

“ನಿಮ್ಮ ಮಗನೂ ಅಷ್ಟೇ ಅಲ್ವಾ ಅತ್ತೆ, ಮಿಣಕ್ ಅಂದ್ರೆ ತಾನೆ ನಾನು ನೋಡೋದು” ಎಂದು ಸೊಸೆ. ಮೂಲೆಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಗಂಡ ತಲೆ ಎತ್ತುತ್ತಿರಲಿಲ್ಲ. ಬುದ್ಧಿವಂತ.

ಆ ಒಗೆಯುವ ಕಾರ್ಖಾನೆಯವರದ್ದೇ ನಮ್ಮ ಸಂಘ. ವಯಸ್ಸಾದವರು ಮೊದಲ ಸಾಲಿನಲ್ಲಿ ನಡೆಯಬೇಕು ಎಂಬುದು ನಮ್ಮ ನಿಯಮ. ಮುದುಕಿಯರ ಮೇಲೆ ಲಾಠಿ ಎತ್ತಲು ಎಂಥವನೂ ಹಿಂದೆಮುಂದೆ ನೋಡುತ್ತಾನೆ ಎಂಬ ಲೆಕ್ಕಾಚಾರ. ಅದಕ್ಕೆ ನಾವು ಗೌರವ ಎಂದು ಹೆಸರಿಟ್ಟಿದ್ದೆವು. ಲಿಫ್ಟಕ್ಕ ಅವರ ಮುಂದೆ ಸಾಗುವ ವ್ಯಾನಿನಲ್ಲಿ ಹಿಮ್ಮುಖವಾಗಿ, ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದಳು. ಗುಂಡಿಗಳ ಕಡೆ ನೋಡುತ್ತಲೇ ಇರಲಿಲ್ಲ. ನೋಡುತ್ತಿದ್ದುದು ಮೊದಲ ಸಾಲಿನ ಕಾಲುಗಳನ್ನು. ಕಾಲು ಎಳೆಯತೊಡಗಿದರೆ ತಿರುಗಣಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ. ಸೇತುವೆ ದಾಟಿದ ಮೇಲೆ ಇಳಿಜಾರು. ಅಲ್ಲಿ ಇನ್ನೂ ಹಿಂದಕ್ಕೆ. ಹಿಂದಿನ ಸಾವಿರ ಜನ ತಮಗೆ ಗೊತ್ತಿಲ್ಲದೆಯೇ ಹೆಜ್ಜೆ ಸಣ್ಣ ಮಾಡುತ್ತಿದ್ದರು. ಇದೊಂದು ಕೆಲಸ ಎಂದು ನನಗೆ ಹೊಳೆದಿರಲಿಲ್ಲ.

ಒಮ್ಮೆ ಸೇತುವೆಯ ಮೇಲೆ ಪೆಟ್ಟಿಗೆಯ ತಂತಿ ಬಿಟ್ಟುಕೊಂಡಿತು. ಆರು ನಿಮಿಷ ಸದ್ದಿಲ್ಲ. ಎದುರಾಳಿ ಸಂಘದ ಮುಖಂಡ ರಸ್ತೆಬದಿಯಲ್ಲಿ ನಿಂತು ಕೂಗಿದ: “ಏನಪ್ಪಾ, ನಿಮ್ಮ ಲಿಫ್ಟು ಮಧ್ಯದಲ್ಲೇ ಸಿಕ್ಕಾಕ್ಕೊಂಡ್ತಾ? ಫೋನ್ ಮಾಡ್ಲಾ ಕಂಪನಿಗೆ?” ಅವನ ಹಿಂದಿನವರು ಹೊಟ್ಟೆ ಹಿಡಿದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮೂರು ಸಲ ಜೈಲಿಗೆ ಹೋದವನು ನಾನು. ಆ ನಗುವನ್ನು ಸಹಿಸಲಾಗಲಿಲ್ಲ.

ಮುಂದಿನ ವಾರವೇ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆ. ಲಿಫ್ಟಕ್ಕನನ್ನು ಕಚೇರಿಗೆ ಕರೆಸಿ, “ಒಂದು ಪ್ರತಿ ಇರ್ಲಿ ಅಕ್ಕ, ಪೆಟ್ಟಿಗೆ ಕೈಕೊಟ್ರೆ ಇರುತ್ತೆ” ಎಂದು ಎಲ್ಲ ಸದ್ದುಗಳನ್ನೂ ಅದರೊಳಗೆ ತುಂಬಿಸಿಕೊಂಡೆ. ಆಕೆ ನಂಬಿ, ಒಂದು ಸಂಜೆ ಪೂರ್ತಿ ಕೂತು ಒಂದೊಂದೇ ಗುಂಡಿ ಒತ್ತಿ ಕೊಟ್ಟಳು. ಆಕೆಯ ಕೈಯಿಂದಲೇ ಆಕೆಯ ಜಾಗ ಖಾಲಿ ಮಾಡಿಸಿದೆ ಎಂದರೆ ತಪ್ಪಿಲ್ಲ.

ಕಾರ್ಖಾನೆಯಲ್ಲಿ ಮುಷ್ಕರ ಶುರುವಾಗಿ, ಅದರ ಗೇಟಿನವರೆಗೆ ದೊಡ್ಡ ಮೆರವಣಿಗೆಯ ದಿನ ಆಕೆ ಹನ್ನೊಂದು ಕಿಲೋ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಬಂದಳು.

“ಇವತ್ತು ಅದು ಬೇಡಕ್ಕ. ನಾನೇ ಲ್ಯಾಪ್‌ಟಾಪಲ್ಲಿ ಹಾಕ್ತೀನಿ. ನಿಮಿಷಕ್ಕೆ ನೂರಾ ಹತ್ತು ಬಡಿತ, ಒಂದೇ ಸಮ. ಕೆಡೋ ಮಾತೇ ಇಲ್ಲ.”

“ಇಳಿಜಾರಲ್ಲೂ ನೂರಾ ಹತ್ತಾ?”

“ಯಾಕೆ?”

“ಅತ್ತೆ ಮುಂದಿದ್ದಾರಣ್ಣ.”

“ನಿಮ್ಮತ್ತೆ ನಮಗಿಂತ ಮುಂಚೆ ಗೇಟು ಮುಟ್ತಾರೆ, ಬಿಡಿ” ಎಂದು ನಕ್ಕೆ. ಆಕೆ ನಗಲಿಲ್ಲ. ಪೆಟ್ಟಿಗೆಯನ್ನು ಚಹಾದಂಗಡಿಯಲ್ಲಿ ಇಟ್ಟು, ಹೋಗಿ ಅತ್ತೆಯ ಪಕ್ಕದಲ್ಲಿ ನಿಂತಳು.

ನೆತ್ತಿ ಸುಡುವ ಬಿಸಿಲು. ವ್ಯಾನಿನಲ್ಲಿ ಕೂತರೆ ಪರದೆಯ ಮೇಲೆ ನನ್ನ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಟವೆಲ್ಲು ತೆಗೆದು ತಲೆಗೂ ಲ್ಯಾಪ್‌ಟಾಪಿಗೂ ಸೇರಿಸಿ ಮುಸುಕು ಹಾಕಿಕೊಂಡೆ. ಆವಿ ತೆಗೆದುಕೊಳ್ಳುವ ನೆಗಡಿ ರೋಗಿಯ ಹಾಗೆ. ಒಳಗೆ ಎಲ್ಲ ಅಚ್ಚುಕಟ್ಟು: ಹಸಿರು ಗೆರೆ ಓಡುತ್ತಿದೆ, ನೂರಾ ಹತ್ತು ಅಂದರೆ ನೂರಾ ಹತ್ತು. ಸೇತುವೆ ದಾಟಿದ್ದು ಗೊತ್ತಾಯಿತು, ವ್ಯಾನು ವಾಲಿತು. ಹೊರಗೆ ಕೂಗು ಎದ್ದಿತು. ಘೋಷಣೆ ಎಂದುಕೊಂಡು ಖುಷಿಪಟ್ಟೆ. ಇನ್ನಷ್ಟು ಸದ್ದು ಏರಿಸಿದೆ.

ಯಾರೋ ವ್ಯಾನಿನ ತಗಡಿಗೆ ಬಡಿದರು. “ನಿಲ್ಸೋ ಬೋಳಿಮಗನೇ, ನಿಲ್ಸೋ!”

ಮುಸುಕು ತೆಗೆದೆ. ಮೊದಲ ಸಾಲು ಇರಲಿಲ್ಲ. ಹಿಂದಿನವರು ತಾಳಕ್ಕೆ ಸರಿಯಾಗಿ, ಇಳಿಜಾರಿನ ಓಟದಲ್ಲಿ, ಮುದುಕಿಯರ ಮೇಲೆಯೇ ಬಂದಿದ್ದರು. ಅತ್ತೆ ಬಿದ್ದಿದ್ದರು, ಅವರ ಮೇಲೆ ಲಿಫ್ಟಕ್ಕ ತುಳಿತಕ್ಕೆ ಬೆನ್ನು ಕೊಟ್ಟು ಬೋರಲು ಮಲಗಿದ್ದಳು, ಚಾಚಿದ ಬಲಗೈಯ ಮಣಿಕಟ್ಟಿನ ಮೇಲೆ ಹೆಜ್ಜೆಗಳು ಹೋಗುತ್ತಿದ್ದವು. ನಿಲ್ಲಿಸಲು ಹೋದೆ. ನಿಜವಾಗಿಯೂ ನಿಲ್ಲಿಸಬೇಕೆ ಎಂದು ಪರದೆ ಕೇಳಿತು. ಹೌದು ಎಂದು ಒತ್ತಲು ಬಿಸಿಲಿನಲ್ಲಿ ಬಾಣದ ಗುರುತು ಕಾಣಲಿಲ್ಲ. ಆಕೆಯ ಕೈ ಮುರಿಯುತ್ತಿದ್ದಾಗ ಆಕೆಯದೇ ಚಪ್ಪಾಳೆ ಸದ್ದು ಬಡಿಯುತ್ತಲೇ ಇತ್ತು.

ಪೊಲೀಸರು ಎಲ್ಲಿದ್ದರು? ಗೇಟಿನ ಹತ್ತಿರ, ನೆರಳಿನಲ್ಲಿ. ಒಬ್ಬ ಷೂ ಬಿಚ್ಚಿಕೊಂಡು ಕಾಲು ಒತ್ತಿಕೊಳ್ಳುತ್ತಿದ್ದ.

ಆದರೂ ಆ ಸಂಜೆಯ ಕರಪತ್ರದಲ್ಲಿ ನಾನು ಬರೆದೆ: ‘ಪೊಲೀಸರೊಂದಿಗಿನ ಘರ್ಷಣೆಯಲ್ಲಿ ಸಂಗಾತಿಗೆ ತೀವ್ರ ಗಾಯ.’ ಇಂಥ ವಾಕ್ಯಗಳನ್ನು ನಿಜವಿದ್ದಾಗಲೂ ಬರೆದು ರೂಢಿಯಿತ್ತು. ಸಂಘದವರಾದ ನೀವು ಓದಿದಿರಿ, ಗೋಡೆಗೆ ಅಂಟಿಸಿದಿರಿ. ಆ ಕೋಪದಲ್ಲೇ ಮುಷ್ಕರ ಗೆದ್ದೆವು.

ಅತ್ತೆ ಚೇತರಿಸಿಕೊಂಡರು. ಲಿಫ್ಟಕ್ಕನ ಮಣಿಕಟ್ಟು ತಿರುಗುವುದಿಲ್ಲ. ಸ್ಪ್ಯಾನರ್ ಹಿಡಿಯಲಾಗದು, ತಿರುಗಣಿಯೂ ಅಷ್ಟೇ. ಲಿಫ್ಟ್ ಕಂಪನಿಯಲ್ಲಿ ಇನ್ನೊಂದು ಕೆಲಸವಿದೆ: ಒಳಗೆ ಸಿಕ್ಕಿಕೊಂಡವರು ಫೋನ್ ಮಾಡಿದರೆ ಧೈರ್ಯ ಹೇಳುವುದು. ಅಪಘಾತವಾದವರಿಗೆ ಅದನ್ನು ಕೊಡುತ್ತಾರೆ. ಆಕೆಗೆ ಕೊಡಲಿಲ್ಲ. ಪೊಲೀಸರ ಜೊತೆ ಬಡಿದಾಡಿದವಳು ಎಂದು ಕೆಲಸದಿಂದಲೇ ತೆಗೆದರು. ಸಾಕ್ಷಿಗೆ ಫೈಲಿನಲ್ಲಿಟ್ಟಿರುವುದು ನನ್ನ ಕರಪತ್ರ.

ಹೋಗಿ ಆಕೆಯ ಮುಂದೆ ಕೂತೆ. ಲ್ಯಾಪ್‌ಟಾಪಿಗೆ ಬೈದೆ, ಪೆಟ್ಟಿಗೆಯನ್ನು ಹೊಗಳಿದೆ, ಯಂತ್ರಕ್ಕೆ ಕರುಣೆಯಿಲ್ಲ ಎಂದೆಲ್ಲ ಭಾಷಣ ಬಿಗಿದೆ.

“ಅದೇನು ಮಾಡ್ತಣ್ಣ ಪಾಪ?” ಎಂದಳು. “ನನ್ನ ಪೆಟ್ಟಿಗೇನೂ ಯಂತ್ರಾನೇ. ಲ್ಯಾಪ್‌ಟಾಪಲ್ಲೂ ನಿಧಾನ ಮಾಡ್ಬಹುದು. ಈಗ ನಾನು ಎಡಗೈಲಿ ಅದನ್ನೇ ಕಲೀತಿದ್ದೀನಿ. ನೀವು ತಲೆ ಎತ್ತಬೇಕಿತ್ತು, ಅಷ್ಟೇ.”

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಲೀಡ್ರೇ ಎಂದು ಕರೆಯಲಿಲ್ಲ.

ನಿಜ ಬರೆದುಕೊಡೋಣ ಎಂದು ನಮ್ಮ ಕಾರ್ಯದರ್ಶಿಗೆ ಹೇಳಿದೆ. “ಗೆದ್ದ ಮೇಲೆ ಯಾಕೆ ಹುಣ್ಣು ಕೆರೀತೀರಿ? ಸಂಘದ ಮಾನ ಏನಾಗ್ಬೇಕು?” ಎಂದ. ಅವನನ್ನು ಬಿಟ್ಟು ಒಬ್ಬನೇ ಕಾರ್ಮಿಕ ಅಧಿಕಾರಿಗೆ ಬರೆದುಕೊಟ್ಟೆ. ಆತ ಓದಿ, ಕರಪತ್ರವನ್ನು ಪಕ್ಕದಲ್ಲಿಟ್ಟು ಕೇಳಿದ: “ಎರಡೂ ನೀವೇ ಬರೆದಿದ್ದು. ಯಾವ ಸುಳ್ಳನ್ನ ನಂಬ್ಲಿ? ಅವತ್ತು ಹಿಂದಿನ ಸಾಲುಗಳಲ್ಲಿ ನಡೆದ ಐದು ಜನ ಬಂದು ಹೇಳ್ಲಿ.” ಅವನ ಮಾತು ನ್ಯಾಯ.

ಎರಡನೇ ಸಾಲಿನಿಂದ ಆರನೇ ಸಾಲಿನವರೆಗೆ ಅವತ್ತು ನಡೆದವರು ನೀವು. ಸಂಘದ ಈ ಪತ್ರಿಕೆ ನಿಮ್ಮ ಮನೆಗೆ ಬರುತ್ತದೆ, ನನಗೆ ಗೊತ್ತು. ವಿಳಾಸ ಬರೆದವನು ನಾನು. ನಿಮ್ಮ ಕಾಲ ಕೆಳಗೆ ಮೆತ್ತಗೆ ಏನೋ ಸಿಕ್ಕಿತ್ತು, ಅದು ನಿಮಗೆ ನೆನಪಿದೆ. ಸುಳ್ಳು ಬರೆದ ತಪ್ಪು ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ನನ್ನೊಬ್ಬನ ಬಾಯಿಗೆ ಈಗ ಬೆಲೆಯಿಲ್ಲ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಆಕೆಯ ಕೆಲಸದ ವಿಚಾರಣೆ, ಅಂಚೆ ಕಚೇರಿಯ ಮೇಲಿನ ಮಹಡಿ. ಐದು ಜನ ಬನ್ನಿ. ಪೊಲೀಸರು ಮುಟ್ಟಲಿಲ್ಲ, ತುಳಿದವರು ನಾವೇ ಎಂದು ಬರೆದು, ಕೆಳಗೆ ಹೆಸರು ಹಾಕಿ ಸಹಿ ಮಾಡಿ.