ಹಿಟ್ಟಿನ ಮೇಲೆ ಹೊರಿಸಿದ ತಪ್ಪು

ಅಕ್ಕನ ರೊಟ್ಟಿ ಅಂಚಿನಲ್ಲಿ ಹರಿಯತೊಡಗಿದಾಗ ನಾವಿಬ್ಬರೂ ದೂರಿದ್ದು ಹಿಟ್ಟನ್ನು. ವಿಜಯಪುರದ ಕಡೆಯವರು ಬೇರೆ ಯಾರನ್ನು ದೂರಿಯಾರು? ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗಲೇ ರೊಟ್ಟಿ ಬಿರಿಯುತ್ತದೆ. ಇಲ್ಲದಿದ್ದರೆ ನಾವು ಬಂದು ನೆಲೆಸಿದ ಜೋಗೇಶ್ವರಿಯ ಚಾಳಿನ ಸಾಲುಮನೆಗಳಲ್ಲಿ ಅಕ್ಕನಷ್ಟು ತೆಳ್ಳಗೆ ಬಡಿಯುವವರು ಯಾರಿದ್ದರು? ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದ ಕೈಗಳವು. ಗಂಡ ಸತ್ತ ಮೇಲೆ ಅವಳು ನನ್ನ ಜೊತೆಗೇ ಇದ್ದಳು, ನಾನು ಮದುವೆಯಾಗಲಿಲ್ಲ. ಮಹಡಿಯ ಹೆಂಗಸರೆಲ್ಲ ಅವಳ ಪಕ್ಕ ಕುಳಿತು ರೊಟ್ಟಿ ಕಲಿತವರು. ಅವಳಿಗಿದ್ದ ಹೆಮ್ಮೆ ಅದೊಂದೇ.

"ಹಿಟ್ಟಿನ್ಯಾಗ ಜಿಗಿ ಇಲ್ಲ ತಮ್ಮಾ, ಚಕ್ಕಿ ಬದಲಿ ಮಾಡು" ಅಂದಳು. ಬದಲಿಸಿದೆ. ಮಲಾಡಿನ ಆಫೀಸು ಮುಗಿಸಿ, ಅಲ್ಲಿಯೇ ಹೊಸ ಜೋಳ ಕೊಂಡು ಬೇರೆ ಗಿರಣಿಯಲ್ಲಿ ಬೀಸಿಸಿ, ಲೋಕಲ್ ರೈಲಿನಲ್ಲಿ ಚೀಲವನ್ನು ಎದೆಗವಚಿಕೊಂಡು ತಂದೆ. ಎಸರನ್ನು ಇನ್ನಷ್ಟು ಕುದಿಸಿದೆವು. ಹೀಗೆ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ಅವಳ ಅಂಗೈ ಹಿಟ್ಟಿನ ಮೇಲೆ ಬೀಳುವ ಬದಲು ಪಕ್ಕದ ನೆಲಕ್ಕೆ ಬೀಳುತ್ತಿತ್ತು. ನನಗೆ ಮೊದಲೇ ಮೂಗಿನ ಮೇಲೆ ಸಿಟ್ಟು. "ಲಕ್ಷ್ಯ ಕೊಟ್ಟು ಬಡಿ" ಎಂದು ಗದರಿದೆ. ಲಕ್ಷ್ಯ ಕೊಟ್ಟಷ್ಟೂ ಕೈ ಹೊಯ್ದಾಡಿತು. ಒಂದು ಭಾನುವಾರ, "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ" ಎಂದು ನಕ್ಕೆ. ಅವಳೂ ನಕ್ಕಳು. ಆ ನಗು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಕ್ಕ ಚಾಳಿನ ಮೆಟ್ಟಿಲಲ್ಲಿ ತೂರಾಡಿ ಬಿದ್ದ ಮೇಲಷ್ಟೇ ಡಾಕ್ಟರ ಬಳಿ ಹೋದೆವು. ಅವರು ತಮ್ಮ ಬೆರಳನ್ನು ಮುಂದೆ ಹಿಡಿದು, ಅದನ್ನು ಮುಟ್ಟಿ ಆಮೇಲೆ ತನ್ನ ಮೂಗು ಮುಟ್ಟಿಕೊಳ್ಳುವಂತೆ ಅಕ್ಕನಿಗೆ ಹೇಳಿದರು. ಅಕ್ಕನ ಬೆರಳು ಮೂಗು ತಪ್ಪಿ ಕೆನ್ನೆಗೆ ಚುಚ್ಚಿತು. ಸ್ಕ್ಯಾನಿನಲ್ಲಿ ತಲೆಯ ಹಿಂಭಾಗದ ಕಿರುಮೆದುಳು ಸೊರಗಿದ್ದನ್ನು ಡಾಕ್ಟರು ತೋರಿಸಿದರು. ಕೈ ಏಳುವ ಮೊದಲೇ ಅಲ್ಲಿನ ನರಕೋಶಗಳು ದೊಡ್ಡ ಮೆದುಳಿನ ಜೊತೆಗೂಡಿ ಸಿದ್ಧತೆ ಮಾಡುತ್ತವಂತೆ: ಎಷ್ಟು ದೂರ, ಯಾವ ಕಡೆ, ಎಲ್ಲಿ ನಿಲ್ಲಬೇಕು. ಅಕ್ಕನಲ್ಲಿ ಆ ಕೋಶಗಳು ಸಾಯುತ್ತಿದ್ದವು. ತೋಳಿನಲ್ಲಿ ಬಲವಿತ್ತು, ಮನಸ್ಸಿನಲ್ಲಿ ಆಸೆಯಿತ್ತು, ನಡುವಿನ ಸಿದ್ಧತೆ ಮಾತ್ರ ಇರಲಿಲ್ಲ. ಔಷಧಿ ಕೇಳಿದೆ. ಗುಣಪಡಿಸುವಂಥದ್ದು ಇಲ್ಲ ಎಂದು ವ್ಯಾಯಾಮ ಬರೆದುಕೊಟ್ಟರು.

ರಿಕ್ಷಾದಲ್ಲಿ ಅಕ್ಕ ತನ್ನ ಕೈಗಳನ್ನೇ ನೋಡುತ್ತಿದ್ದಳು. "ಏನ ಮಾಡಬೇಕಂತ ನನಗ ಗೊತ್ತೈತಿ ತಮ್ಮಾ. ಕೈಗಷ್ಟ ಗೊತ್ತಾಗವಲ್ದು" ಅಂದಳು. ನಾನು ವ್ಯಾಯಾಮದ ಚೀಟಿಯನ್ನು ಮಡಚಿ ಜೇಬಿಗಿಟ್ಟೆ.

ತಿಂಗಳೊಳಗೆ ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಒಲೆ ಉರಿಯುತ್ತಿತ್ತು. ಅಕ್ಕ ಸುಟ್ಟ ಅಂಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಹೆದರಿಕೆಯಿಂದಲೋ ಸಿಟ್ಟಿನಿಂದಲೋ, ಹಂಚನ್ನು ಎತ್ತಿ ಮೇಲಿನ ಮನೆಯವರನ್ನು ಕರೆದು ಕೊಟ್ಟುಬಿಟ್ಟೆ. ಅವಳಿಂದ ಕಲಿತಿದ್ದ ಹೆಂಗಸಿಗೇ ಕೊಟ್ಟೆ, ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಗಲೇ ಕೊಟ್ಟೆ.

ಈಗ ನಾನೇ ತುತ್ತು ಮಾಡಿ ತಿನ್ನಿಸುತ್ತೇನೆ. ಸುಮ್ಮನೆ ಬಾಯಿ ತೆರೆಯುತ್ತಾಳೆ. ಮುಂದೆ ಮಾತೂ ತೊದಲಬಹುದು ಎಂದು ಡಾಕ್ಟರು ಹೇಳಿದ್ದಾರೆ. ಇನ್ನೂ ತೊದಲಿಲ್ಲ. ಪಕ್ಕದ ಮನೆಯವರೊಡನೆ ಸ್ಪಷ್ಟವಾಗಿಯೇ ಮಾತಾಡುತ್ತಾಳೆ. ಹಂಚು ಹೋದ ದಿನದಿಂದ ನನ್ನೊಡನೆ ಮಾತಾಡುವುದಿಲ್ಲ.