ಮಾಜಿ ವಿದ್ಯುತ್ ಮಂತ್ರಿಗೊಂದು ಶಾಲು

ಅಮೆರಿಕದ ಹೇವರ್ಡಿನ ಸಣ್ಣ ಕನ್ನಡ ಕೂಟವೊಂದರ ಕಾರ್ಯದರ್ಶಿ ಸಿದ್ಧಾರೂಢ, ಮಾಜಿ ಮಂತ್ರಿ ಯಾರೇ ಸಿಕ್ಕರೂ ಶಾಲು ಹೊದಿಸದೆ ಬಿಡುವವನಲ್ಲ. ಈ ಸಲದ ರಾಜ್ಯೋತ್ಸವಕ್ಕೆ ಊರಿನಿಂದ ಯಾರೂ ಬರಲಿಲ್ಲವೆಂದು ಪಕ್ಕದ ಅಪಾರ್ಟ್‌ಮೆಂಟಿನ ಲೆಬನಾನಿನವನನ್ನೇ ಹಿಡಿದು ತಂದ. ಆತ ತನ್ನ ದೇಶದಲ್ಲಿ ಮೂರು ಸಲ ವಿದ್ಯುತ್ ಮಂತ್ರಿಯಾಗಿದ್ದವನು.

"ಇವನ ಕಾಲದಾಗ ಅಲ್ಲಿ ದಿನಕ್ಕ ಎರಡು ತಾಸು ಕರೆಂಟಂತ. ಇವಗ ಎದಕ್ರಿ ಶಾಲು?" ಎಂದಳು ಹೆಂಡತಿ ಮಾಧುರಿ.

"ಮಂತ್ರಿ ಆಗಿದ್ನೋ ಇಲ್ಲೋ, ಅಷ್ಟ ನೋಡು."

ಶಾಲು ಹೊದ್ದು, ಪೇಟ ಇಟ್ಟುಕೊಂಡ ಆತ ತನ್ನ ಸಾಧನೆಗಳನ್ನು ಮುಕ್ಕಾಲು ಗಂಟೆ ಕೊರೆದ. ಅಷ್ಟರಲ್ಲಿ ಸಭಾಂಗಣದ ಕರೆಂಟೇ ಹೋಯಿತು. ಸಿದ್ಧಾರೂಢ ಗಾಬರಿಯಿಂದ ಹೊರಗೋಡಿದ. ಮಾಜಿ ಮಂತ್ರಿಗೆ ಮಾತ್ರ ಕತ್ತಲಲ್ಲಿ ಹೊಸ ಜೀವ ಬಂದಿತ್ತು. ಜೇಬಿನಿಂದ ಟಾರ್ಚು ತೆಗೆದು, ಮುಂದಿನ ಸಾಲಿನಲ್ಲಿದ್ದ ಮಾಧುರಿಯ ಕೈಗೊಂದು ಕಾರ್ಡು ಕೊಟ್ಟು, ಓದಲು ತಾನೇ ಬೆಳಕು ಹಿಡಿದ. ಅದು ಅವನ ಭಾಮೈದನ ಜನರೇಟರ್ ಅಂಗಡಿಯ ಕಾರ್ಡು.